ಅರ್ಧ ಲೋಟ ನೀರು

ಕಾಳಿ ನದಿಯ ದಂಡೆಯಲ್ಲೊಂದು ಆಶ್ರಮ. ಅಲ್ಲೊಬ್ಬರು ಮುದಿ ಗುರುಗಳು. ಜ್ಞಾನ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು.

ಶಿಷ್ಯ ದಾಮೋದರ ಊಟದ ಪಂಕ್ತಿಗೆ ನೀರು ಬಡಿಸುವವನು. ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಆದರೆ ಯಾರಿಗೂ ಲೋಟ ತುಂಬಾ ನೀರು ಹಾಕಿದವನಲ್ಲ. "ನದಿ ಏನು ನಿಮ್ಮಪ್ಪನ ಮನೇದಾ?" ಎಂದು ಉಳಿದವರು ರೇಗಿಸುತ್ತಿದ್ದರು.

ಒಂದು ದಿನ ಅವನು ಒಲೆಯ ಮೇಲಿಟ್ಟ ಅನ್ನ ಸೀದುಹೋಯಿತು. ಗುರುಗಳು ಅಡುಗೆಮನೆಗೇ ಬಂದರು.

"ಏನೋ ಇದು? ಬೆಳಿಗ್ಗೆಯಿಂದ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯ."

"ನಾಳೆ ಅಪ್ಪನ ವರ್ಷದ ತಿಥಿ, ಗುರುಗಳೇ. ಈಗ ಬರೋ ದೋಣಿಗೆ ಊರಿಗೆ ಹೋಗಬೇಕು."

"ಹೋಗು. ಬೇಡ ಅಂದವರ್ಯಾರು?"

"ತಿಥಿ ಊಟ ಆದ ಮೇಲೆ ಅಪ್ಪನ ಬಗ್ಗೆ ನಾನು ನಾಲ್ಕು ಮಾತಾಡಬೇಕಂತೆ. ಆಯಿ ಹೇಳಿ ಕಳಿಸಿದ್ದಾಳೆ. ನೇವಿಯಲ್ಲಿ ಅಪ್ಪನ ಜೊತೆಗಿದ್ದವರೆಲ್ಲ ಬರ್ತಾರೆ. ನಮ್ಮಪ್ಪ ತುಕಾರಾಮ ತಾಂಡೇಲ ಎಂಥ ಧೈರ್ಯಸ್ಥ ಅಂತ ಅವರಿಗೆ ಗೊತ್ತು. ನನಗೇನು ಗೊತ್ತು? ನಾನು ಚಿಕ್ಕವನಿದ್ದಾಗ ಅಪ್ಪ ಹಡಗಿನಲ್ಲಿ. ನಿವೃತ್ತರಾಗಿ ಮನೆಗೆ ಬಂದ ಸ್ವಲ್ಪ ವರ್ಷಕ್ಕೆ ನಾನು ಇಲ್ಲಿ."

ಗುರುಗಳು ಸೀದ ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸಿದರು.

"ಆಯಿ ಎದುರಿಗೇ ಕೂತಿರ್ತಾಳೆ. ನಾನು ಬಾಯಿ ಬಿಡದೆ ನಿಂತರೆ ಅವಳ ಎದೆ ಒಡೆದುಹೋಗುತ್ತೆ. ತಾನು ಹೆತ್ತ ಮಗನಿಗೇ ಅಪ್ಪ ಗೊತ್ತಿಲ್ಲ ಅಂದರೆ ಏನರ್ಥ? ನನಗೆ ಭಯ ಆಗ್ತಿದೆ. ನೀವೇ ಏನಾದರೂ ಹೇಳಿಕೊಡಿ."

"ನಿಮ್ಮಪ್ಪನನ್ನ ನಾನು ಕಂಡೇ ಇಲ್ಲವಲ್ಲೋ. ಗಂಟಲು ಒಣಗಿದೆ, ನೀರು ಕೊಡು."

ಅವನು ತಂದುಕೊಟ್ಟ. ಗುರುಗಳು ಲೋಟದೊಳಗೆ ನೋಡಿದರು.

"ಅರ್ಧ."

"ತುಂಬಾ ಹಾಕಿದರೆ ಚೆಲ್ಲುತ್ತೆ, ಗುರುಗಳೇ."

"ಯಾಕೆ ಚೆಲ್ಲುತ್ತೆ? ನೆಲ ಏನು ಅಲ್ಲಾಡ್ತಿದೆಯಾ?"

ದಾಮೋದರ ನೆಲ ನೋಡಿದ. ಅದನ್ನು ಅವನು ಎಂದೂ ಯೋಚಿಸಿರಲಿಲ್ಲ.

"ಮನೇಲಿ ಅದೇ ರೂಢಿ. ಅಪ್ಪ ಹಾಗೇ ಹಾಕ್ತಿದ್ದರು. ಹಡಗು ಹೊಯ್ದಾಡುತ್ತಲ್ಲ, ಅಲ್ಲಿ ತುಂಬಾ ಹಾಕೋ ಹಾಗಿಲ್ಲ. ಮನೆಗೆ ಬಂದರೂ ಅದೇ ಕೈ. ಆಯಿಗೆ ಸಿಟ್ಟು. ನೆಂಟರು ನಮ್ಮನ್ನ ಜಿಪುಣರು ಅಂದ್ಕೋತಾರೆ ಅಂತ ಬೈಯೋಳು."

"ಅದಕ್ಕೆ ಅವರೇನಂತಿದ್ದರು?"

"ನಗೋರು. 'ಅರ್ಧ ಹಾಕಿದರೆ ಇನ್ನೊಂದು ಸಲ ನಿನ್ನ ಹತ್ತಿರ ಬರಬಹುದಲ್ಲೇ' ಅನ್ನೋರು. ತಂಬಿಗೆ ಹಿಡಕೊಂಡು ನಮ್ಮ ಊಟ ಮುಗಿಯೋವರೆಗೂ ಸುತ್ತೋರು. ಬೇಡ ಅಪ್ಪ, ನೀವೂ ಕೂತ್ಕೊಳ್ಳಿ ಅಂದರೂ ಕೇಳ್ತಿರಲಿಲ್ಲ. ಅಷ್ಟು ವರ್ಷ ದೂರ ಇದ್ದರಲ್ಲ..."

ದಾಮೋದರ ಅತ್ತುಬಿಟ್ಟ.

ಗುರುಗಳು ನೀರು ಕುಡಿದು ಲೋಟ ಚಾಚಿದರು. ಅವನು ಕಣ್ಣೊರೆಸಿಕೊಂಡು ಮತ್ತೆ ಹಾಕಿದ. ಈಗಲೂ ಅರ್ಧವೇ.

ದಂಡೆಯಿಂದ ಅಂಬಿಗನ ಕೂಗು ಕೇಳಿತು. ಜೋಳಿಗೆ ಎತ್ತಿಕೊಂಡ ದಾಮೋದರ ಬಾಗಿಲಲ್ಲೇ ನಿಂತ.

"ದೋಣಿ ಬಂತು ಗುರುಗಳೇ. ನಾಳೆ ಏನು ಮಾತಾಡಲಿ? ಎಲ್ಲಿಂದ ಶುರು ಮಾಡಲಿ?"

"ಪಂಕ್ತಿಗೆ ನೀರು ನೀನೇ ಬಡಿಸು," ಎಂದರು ಗುರುಗಳು. "ನಿನ್ನ ಆಯಿಯ ಲೋಟದಿಂದ ಶುರು ಮಾಡು."