ಎಟಿಎಂನಲ್ಲಿ ಎಂಟು ಹಣೆ

ಶಿಷ್ಯ ಕೇಳಿದ: “ಗುರುಗಳೇ, ಮನೆಮನೆಗೆ ಊಟ ತಲುಪಿಸುವ ಸವಾರರು ಮೊದಲೆಲ್ಲ ಸಂಘದ ಹೆಸರೆತ್ತಿದರೆ ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರಂತೆ. ಮಹಾಮಾರಿ ಬಂದ ವರ್ಷ ಸಾಲುಗಟ್ಟಿ ಸೇರಿದರಂತೆ. ಏಕೆ? ನಾನೂ ಈಗ ಅದೇ ಕೆಲಸದವನು. ನನ್ನನ್ನೂ ಸೇರು ಎನ್ನುತ್ತಿದ್ದಾರೆ. ಕಂಪನಿಗೆ ಗೊತ್ತಾಗಿ ಆ್ಯಪಿನ ಐಡಿ ಮುಚ್ಚಿಬಿಟ್ಟರೆ ಮನೆ ನಡೆಯುವುದು ಹೇಗೆ?”

ಗುರುಗಳು ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತು, ಲೋಟ ಕೈಗೆತ್ತಿಕೊಂಡು ಹೇಳತೊಡಗಿದರು.

ಆ ಸಂಘ ಕಟ್ಟಿದವನು ನಾನೇ ಕಣಯ್ಯಾ. ನಾನೊಮ್ಮೆ ಕೆಮ್ಮಿದರೆ ಏಳು ಜಿಲ್ಲೆಯ ಗಾಡಿಗಳು ನಿಲ್ಲುತ್ತಿದ್ದವು! ಸುಳ್ಳು. ನಾನು ಕೆಮ್ಮಿದರೆ ಪಕ್ಕದವನು ಎದ್ದು ಹೋಗುತ್ತಿದ್ದ, ಅಷ್ಟೆ. ಆದರೆ ಈ ಕತೆ ನಿಜ. ಮುಕ್ಕಾಲು ಪಾಲು.

ಒಬ್ಬ ಸವಾರನಿದ್ದ. ಮಹಾಮಾರಿಯ ಕಾಲ. ದಿನಾ ಬೆಳಿಗ್ಗೆ ಕಂಪನಿಯವನು ಎಲ್ಲರ ಹಣೆಗೂ ಜ್ವರ ಅಳೆಯುವ ಗನ್ ಹಿಡಿಯುತ್ತಿದ್ದ. ಅಂಕಿ ಏರಿತೋ, ಹದಿನಾಲ್ಕು ದಿನ ಐಡಿ ಬಂದ್. ಕೆಲಸವಿಲ್ಲ, ಕೂಲಿಯಿಲ್ಲ. ಸವಾರನಿಗೆ ಜ್ವರ ಬಂತು. ಮಲಗಿದರೆ ಮನೆಯ ಒಲೆಯೂ ಮಲಗುತ್ತದೆ. ಅವನೊಂದು ಉಪಾಯ ಹೂಡಿದ. ಎದುರಿನ ಎಟಿಎಂ ಹೊಕ್ಕು, ಎಸಿಯ ಕೆಳಗೆ ನಿಂತು, ತಣ್ಣನೆಯ ಯಂತ್ರಕ್ಕೆ ಹಣೆ ಒತ್ತಿ, ಓಡಿ ಬಂದು ಗನ್ನಿಗೆ ಹಣೆ ಕೊಟ್ಟ. ಪಾಸಾದ! ತನ್ನಷ್ಟು ಜಾಣ ಲೋಕದಲ್ಲಿಲ್ಲ ಅಂದುಕೊಂಡ. ಉಳಿದವರೆಲ್ಲ ಗಟ್ಟಿಗರು, ತಾನು ಬಿದ್ದರೆ ತನ್ನ ಆರ್ಡರು ಬಾಚಿಕೊಳ್ಳುತ್ತಾರೆ ಅಂತಲೂ ಅಂದುಕೊಂಡ. ಸಂಘದ ಹೆಂಗಸೊಬ್ಬಳು ಸಿಗ್ನಲ್ಲಿನಲ್ಲಿ ‘ಸಂಘ ಸೇರಿ’ ಎಂಬ ಚೀಟಿ ಕೊಟ್ಟಳು. ಅದರಲ್ಲಿ ಹೆಲ್ಮೆಟ್ಟಿನ ಗಾಜು ಒರೆಸಿದ.

ಮೂರನೆಯ ದಿನ ಎಟಿಎಂ ಬಾಗಿಲು ತಳ್ಳಿದರೆ, ಒಳಗೆ ಇನ್ನೊಬ್ಬ ಸವಾರ ಯಂತ್ರಕ್ಕೆ ಹಣೆ ಹಚ್ಚಿ ನಿಂತಿದ್ದಾನೆ!

‘ದುಡ್ಡು ಬರ್ತಿದೆಯಾ ಅಣ್ಣಾ?’

‘ಇಲ್ಲ ಮಾರಾಯ, ಮಷೀನು ಕೆಟ್ಟಿದೆ.’

‘ಅದಕ್ಕೇ ತಬ್ಬಿಕೊಂಡು ಸಮಾಧಾನ ಮಾಡ್ತಿದ್ದೀಯಾ?’

ಅಷ್ಟರಲ್ಲಿ ಮೂರನೆಯವನು ಬಂದ. ಅವನ ಬೆನ್ನಿಗೇ ನಾಲ್ಕನೆಯವನು. ‘ಒಮ್ಮೆಗೆ ಒಬ್ಬರೇ’ ಎಂಬ ಫಲಕದ ಕೆಳಗೆ ಎಂಟು ಜನ! ಎಂಟು ಹಣೆಯೂ ಕೆಂಡ! ಯಾರೋ ಕಿಸಕ್ಕೆಂದರು. ಆಮೇಲೆ ಎಂಟೂ ಜನ ಕೆಮ್ಮು ಬರುವಷ್ಟು ನಕ್ಕರು.

‘ನಡೀರೋ, ಇವತ್ತು ಬಿಸಿಬಿಸಿಯಾಗೇ ತೋರಿಸೋಣ’ ಅಂದ ನಮ್ಮ ಸವಾರ.

ಹಾಗೇ ಹೋಗಿ ಗನ್ನಿನ ಮುಂದೆ ನಿಂತರು. ಕಂಪನಿಯವನು ಒಬ್ಬನನ್ನು ಅಳೆದು ಬೈದ. ಇನ್ನೊಬ್ಬನನ್ನು ಅಳೆದು ಬೈದ. ನಾಲ್ಕನೆಯವನ ಹೊತ್ತಿಗೆ ಗನ್ನನ್ನೇ ಅಲುಗಾಡಿಸಿ ನೋಡಿದ. ‘ಎಲ್ಲರ ಐಡಿಯೂ ಬಂದ್!’ ಎಂದು ಕೂಗಿದ. ಇದನ್ನು ಕಂಡು ಜ್ವರವಿಲ್ಲದ ಸವಾರರೂ ಗಾಡಿಯ ಕೀಲಿ ತೆಗೆದು ಜೇಬಿಗಿಟ್ಟರು. ಹನ್ನೆರಡಾಯಿತು. ಒಂದಾಯಿತು. ಹೋಟೆಲುಗಳಲ್ಲಿ ಬಿರಿಯಾನಿ ಡಬ್ಬಿಯೊಳಗೇ ಬೆವರಿತು! ಮೇಲಿನವರಿಗೆ ಫೋನು ಹೋಯಿತು. ಎರಡು ಗಂಟೆಗೆ ಉತ್ತರ ಬಂತು: ಜ್ವರದವರು ಮಲಗಲಿ, ಐಡಿ ಇರುತ್ತದೆ, ಅರ್ಧ ಕೂಲಿ ಸಿಗುತ್ತದೆ.

ಅಂದೇ ಸಂಜೆ, ಜ್ವರವಿಲ್ಲದವರೆಲ್ಲ ಸಿಗ್ನಲ್ಲಿಗೆ ಹೋಗಿ ಚೀಟಿಯವಳನ್ನು ಹುಡುಕಿದರು. ‘ಎಂಟು ಹೆಸರು ಮನೆಯಲ್ಲಿ ಮಲಗಿವೆ, ಮೊದಲು ಅವನ್ನು ಬರ್ಕೋ ಅಕ್ಕಾ’ ಅಂದರು.

ಗುರುಗಳು ಲೋಟ ಕೆಳಗಿಟ್ಟರು.

“ಕತೆ ಚೆನ್ನಾಗಿದೆ,” ಎಂದ ಶಿಷ್ಯ. “ಅವರಿಗೆ ಬೇಕಿತ್ತು, ಸೇರಿದರು. ನನಗೇನಾಗಿದೆ ಗುರುಗಳೇ? ಕಲ್ಲಿನ ಹಾಗಿದ್ದೇನೆ.”

ಗುರುಗಳೆಂದರು: “ಹಾಗಾದರೆ ಜೇಬಿನಿಂದ ಇಣುಕುತ್ತಿರುವ ಆ ಜ್ವರದ ಮಾತ್ರೆಗಳನ್ನು ಒಳಗೆ ತಳ್ಳಿ, ನನ್ನ ಚಹಾದ ದುಡ್ಡು ಹೊರಗೆ ತೆಗೆ.”