ಕುಂಟುಗುದುರೆ ಗುಡ್ಡ

ಕುಂಟುಗುದುರೆ ಗುಡ್ಡದ ನೆತ್ತಿಯಲ್ಲಿರುವ ಕಲ್ಲುಗುದುರೆಯನ್ನು ಹೆಗಲ ಮೇಲೆ ಹೊತ್ತು ತಂದು ನಿಲ್ಲಿಸಿದವನು ನಾನೇ. ಸುಳ್ಳು, ಬಿಡಿ; ಗ್ಯಾಸ್ ಸಿಲಿಂಡರ್ ಎತ್ತುವುದಕ್ಕೂ ನನಗೆ ಹೆಂಡತಿಯ ಕೈ ಬೇಕು. ಆದರೆ ಕಲ್ಲು ಇರುವುದು ನಿಜ. ಆ ಚಪ್ಪಡಿಯ ಎರಡೂ ಮೈಗೆ ಒಂದೊಂದು ಕುದುರೆ ಕೆತ್ತಿದ್ದಾರೆ. ಒಂದು ಬಲ ಮುಂಗಾಲು ಎತ್ತಿದೆ, ಇನ್ನೊಂದು ಎಡ ಮುಂಗಾಲು. ಶಿಲ್ಪಿ ಕುಡಿದಿದ್ದನೆಂದು ನಗುವವರಿಗೆ ಕಥೆ ಗೊತ್ತಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಮುದಿಯಪ್ಪನಾಯಕನೆಂಬ ಪಾಳೆಗಾರ ಆಳುತ್ತಿದ್ದ. ಆನೆಯಂಥ ಆಳು, ಅವನು ಏರಿದ ಕುದುರೆಗಳೆಲ್ಲ ಬೆನ್ನು ಮುರಿದುಕೊಂಡು ಲಾಯದಲ್ಲೇ ಸಾಯುತ್ತಿದ್ದವು. ಅವನ ಸವಾರರಲ್ಲಿ ಗಾದ್ರಿ ಎಂಬವನು ತಬ್ಬಲಿ ಕುದುರೆಮರಿಯೊಂದನ್ನು ಮೇಕೆಹಾಲು ಕುಡಿಸಿ ಬೆಳೆಸಿ ತುಂಬೆ ಎಂದು ಹೆಸರಿಟ್ಟಿದ್ದ. ಅವನು ಮನಸ್ಸಿನಲ್ಲಿ ನೆನೆದದ್ದು ತುಂಬೆಗೆ ತಿಳಿಯುತ್ತಿತ್ತು, ತುಂಬೆಗೆ ಬಾಯಾರಿದರೆ ಇವನ ನಾಲಿಗೆ ಒಣಗುತ್ತಿತ್ತು ಎನ್ನುತ್ತಾರೆ. ನಾಯಕನ ಕಣ್ಣು ಅದರ ಮೇಲೆ ಬಿತ್ತು. "ಈ ಗುಡ್ಡ ಹತ್ತಿಳಿದರೆ ಇದು ನನ್ನ ಲಾಯಕ್ಕೆ" ಎಂದು ಏರಿಯೇಬಿಟ್ಟ.

ಗಾದ್ರಿ ಬುಡದಲ್ಲಿ ನಿಂತು ಕುದುರೆಯ ಬೆನ್ನ ಕಡೆ ನೋಡುತ್ತ, 'ಬಲಗಾಲು ಕುಂಟಮ್ಮಾ' ಎಂದು ನೆನೆದ. ತುಂಬೆ ಕುಂಟುತ್ತ ಹತ್ತಿತು. ಇಳಿಯುವಾಗ ಕುದುರೆಯ ಮುಖ ಅವನ ಕಡೆಗಿತ್ತು. ಜೀನಿನ ಮೇಲೆ ಕೂತೇ ಎಡಬಲ ಕಲಿತ ಗಾದ್ರಿ, ಗಾಬರಿಯಲ್ಲಿ ತನ್ನ ಬಲಗೈ ಕಡೆ ಕಂಡ ಕಾಲನ್ನೇ ನೆನೆದುಬಿಟ್ಟ. ತುಂಬೆ, ಪಾಪ, ನೆನೆದಂತೆಯೇ ಎಡಗಾಲಿಗೆ ಬದಲಾಯಿಸಿತು! ಮೋಸ ತಿಳಿದರೆ ಕುದುರೆಯೂ ಹೋಯಿತು, ಗಾದ್ರಿಯ ತಲೆಯೂ ಹೋಯಿತು.

ಪಕ್ಕದಲ್ಲೇ ನಿಂತಿದ್ದ ನಾಯಕನ ತಾಯಿ ಸಿರುಮವ್ವ ಒಮ್ಮೆ ಕುದುರೆಯನ್ನು, ಒಮ್ಮೆ ಗಾದ್ರಿಯನ್ನು ನೋಡಿದಳು. ಆಮೇಲೆ ಎದೆ ಬಡಿದುಕೊಂಡು ಕೂಗಿದಳು: "ಇಳಿಯೋ ಮಗನೇ! ಈಗ ಆ ಕಾಲಿಗೂ ಬಂತಲ್ಲೋ! ನಿನ್ನ ಭಾರಕ್ಕೆ ಉಳಿದೆರಡೂ ಹೋದಾವು!"

ನಾಯಕ ನಾಚಿ ಇಳಿದ. "ಈ ಕುಂಟುಗುದುರೆ ಯಾವನಿಗೆ ಬೇಕು? ಹೊಡಕೊಂಡು ಹೋಗೋ" ಎಂದ.

ಲಗಾಮು ಹಿಡಿದ ಗಾದ್ರಿಯ ಕಿವಿಯಲ್ಲಿ ಮುದುಕಿ ಮೆಲ್ಲಗೆ ಹೇಳಿದಳು: "ಗಡಿ ದಾಟೋವರೆಗಾದರೂ ಇಬ್ಬರೂ ಒಂದೇ ಕಾಲು ಅಂತ ಗೊತ್ತುಮಾಡಿಕೊಳ್ರಪ್ಪಾ." ಗಡಿ ದಾಟಿದ ಮೇಲೆ ತುಂಬೆ ಕೆನೆದ ಸದ್ದಿಗೆ ಗುಡ್ಡದ ನವಿಲುಗಳೆಲ್ಲ ಎದ್ದು ಹಾರಿದವಂತೆ. ಒಂದು ದಿನವೂ ನಿಜವಾಗಿ ಕುಂಟದ ಕುದುರೆಯಿಂದ ಗುಡ್ಡಕ್ಕೆ ಈ ಹೆಸರು ನಿಂತಿತು.

ಇಂದಿಗೂ ಬಂದವರು ಬಲಗಾಲು ಕುಂಟುತ್ತ ಹತ್ತುತ್ತಾರೆ, ಕಲ್ಲು ಮುಟ್ಟಿ ಎಡಗಾಲು ಕುಂಟುತ್ತ ಇಳಿಯುತ್ತಾರೆ. ನಂಬಿಕೆಯಿಲ್ಲದಿದ್ದರೆ ಹತ್ತಿ ನೋಡಿ. ನಾನು ಬರಲಾರೆ, ಕಾಲುನೋವು. ಯಾವ ಕಾಲು ಎಂದು ಮಾತ್ರ ಕೇಳಬೇಡಿ. ಹೋಗುವ ಮುಂಚೆ ನನ್ನ ಈ ಚಹದ ದುಡ್ಡು ಕೊಟ್ಟುಬಿಡಿ, ಸ್ವಾಮೀ.