ಕೊಂಬೆ ಎಟುಕದ ವೊಂಬ್ಯಾಟ್

ನೀಲಗಿರಿ ಮರದ ಕೊಂಬೆಯನ್ನು ಹಾರಿ ಮುಟ್ಟಿದವರಿಗಷ್ಟೇ ಚೆಂಡಾಟದ ತಂಡದಲ್ಲಿ ಜಾಗ ಎಂಬುದು ಹಿರಿಯ ಕಾಂಗರೂವಿನ ಕಟ್ಟಳೆ. ಹಾಗಾಗಿ ತಂಡದ ತುಂಬ ಕಾಂಗರೂಗಳೇ.

ಹೊಳೆದಂಡೆಯ ಹುಲ್ಲನ್ನು ಪಣಕ್ಕಿಟ್ಟು ಎಮು ಹಕ್ಕಿಗಳೊಡನೆ ಮೊಟ್ಟೆಯಾಕಾರದ ಚೆಂಡಿನ ಆಟ ಶುರುವಾಯಿತು. ಚೆಂಡು ಮೇಲೆದ್ದಾಗಲೆಲ್ಲ ಕಾಂಗರೂಗಳು ಒಟ್ಟಿಗೇ ಹಾರಿ ಡಿಕ್ಕಿ ಹೊಡೆದುಕೊಳ್ಳುತ್ತಿದ್ದವು. ಕೆಳಗೆ ಬಿದ್ದ ಚೆಂಡನ್ನು ಎಮುಗಳು ಒದ್ದುಕೊಂಡು ಓಡುತ್ತಿದ್ದವು.

ಅಷ್ಟರಲ್ಲಿ ಒಂದು ಕಾಂಗರೂವಿನ ಕಾಲು ಉಳುಕಿತು. ಬದಲಿಗೆ ಸಿಕ್ಕಿದ್ದು ಮೈದಾನದ ಅಂಚಿನಲ್ಲಿ ಬಿಲ ತೋಡುತ್ತಿದ್ದ ಗಿಡ್ಡ ವೊಂಬ್ಯಾಟ್ ಒಂದೇ.

“ನಿನಗೆ ಹಾರಲು ಬಾರದಲ್ಲ!” ಎಂದು ಹಿರಿಯ ಕಾಂಗರೂ ಹಣೆ ಚಚ್ಚಿಕೊಂಡಿತು.

“ಹಾರುವುದಕ್ಕೆ ನೀವಿದ್ದೀರಿ. ಇಷ್ಟು ಜನ ಒಟ್ಟಿಗೆ ಹಾರಿದರೆ ಚೆಂಡು ಬೀಳದೆ ಇರುತ್ತದೆಯೇ? ನಾನು ಕೆಳಗಿರುತ್ತೇನೆ,” ಎಂದಿತು ವೊಂಬ್ಯಾಟ್.

ಚೆಂಡು ಬಿದ್ದದ್ದೇ ತಡ, ವೊಂಬ್ಯಾಟ್ ಎಮುಗಳ ಕಾಲ ಸಂದಿಯಲ್ಲಿ ನುಸುಳಿ ಅದನ್ನು ಗೋಲಿನ ಕಂಬಗಳ ನಡುವೆ ಒದೆಯಿತು. ಮತ್ತೆ ಬಿತ್ತು, ಮತ್ತೆ ಒದೆಯಿತು. ಹೊಳೆದಂಡೆಯ ಹುಲ್ಲು ಕಾಂಗರೂಗಳ ಪಾಲಾಯಿತು.

ಮರುವರ್ಷ ಆಯ್ಕೆಯ ದಿನ ಇಲಿಯೊಂದು ಕೊಂಬೆಯತ್ತ ಕತ್ತೆತ್ತಿ ನೋಡಿ ಹಿಂದಿರುಗಿತು.

“ಎಲ್ಲಿಗೆ ಹೊರಟೆ?” ಹಿರಿಯ ಕಾಂಗರೂ ಬಾಯ್ತುಂಬ ಹುಲ್ಲು ಮೆಲ್ಲುತ್ತಲೇ ಕೂಗಿತು. “ಕೊಂಬೆ ಹಾರುವವರಿಗೆ. ನಿನ್ನ ಪರೀಕ್ಷೆ ಇಲ್ಲಿದೆ,” ಎನ್ನುತ್ತ ಕೈಲಿದ್ದ ಚೆಂಡನ್ನು ನೆಲಕ್ಕೆ ಬಿಟ್ಟಿತು.